ದರ ಇಳಿದರೂ ಹಾಸಿಗೆ ಬರಿದಾಗಲಿಲ್ಲ

ಒಂದು ಶಾಲೆಯಲ್ಲಿ ಒಂದು ವರ್ಷ 50 ಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತರು. 18 ಮಂದಿ ನಪಾಸಾದರು. ಇಪ್ಪತ್ತು ವರ್ಷಗಳ ನಂತರ ಅದೇ ಶಾಲೆಯಿಂದ 150 ಮಕ್ಕಳು ಕುಳಿತರು. ಆಗಲೂ 18 ಮಂದಿ ನಪಾಸಾದರು ಎಂದಿಟ್ಟುಕೊಳ್ಳೋಣ. ಶಾಲೆಯ ಮುಖ್ಯೋಪಾಧ್ಯಾಯರು ವಾರ್ಷಿಕೋತ್ಸವದ ವೇದಿಕೆಯ ಮೇಲೆ ನಿಂತು, 'ನಪಾಸಾದವರ ಪ್ರಮಾಣ ಶೇಕಡಾ 36ರಿಂದ ಶೇಕಡಾ 12ಕ್ಕೆ ಇಳಿದಿದೆ' ಎಂದು ಹೆಮ್ಮೆಯಿಂದ ಹೇಳಬಹುದು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಫಲಿತಾಂಶ ಬಂದ ದಿನ ಅಂದು 18 ಮನೆಗಳಲ್ಲಿ ಒಲೆ ಉರಿಯಲಿಲ್ಲ. ಇಂದೂ 18 ಮನೆಗಳಲ್ಲಿ ಉರಿಯಲಿಲ್ಲ. ಇದೂ ಅಷ್ಟೇ ನಿಜ.

ಭಿನ್ನರಾಶಿಯಲ್ಲಿ ಮೇಲಿನ ಸಂಖ್ಯೆ ಅಂಶ, ಕೆಳಗಿನದು ಛೇದ ಎಂಬುದನ್ನು ಪ್ರಾಥಮಿಕ ಶಾಲೆಯ ಮಕ್ಕಳೂ ಬಲ್ಲರು. ಪ್ರಮಾಣ ಇಳಿಯಿತು ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ, 'ಅಂಶ ಕಡಿಮೆಯಾಯಿತೇ, ಛೇದ ಹೆಚ್ಚಾಯಿತೇ?' ಎಂಬುದು. ಪಠ್ಯಪುಸ್ತಕದ ಈ ಸಣ್ಣ ಪ್ರಶ್ನೆ ವೈದ್ಯಕೀಯದ ಒಂದು ದೊಡ್ಡ ಲೆಕ್ಕವನ್ನು ಅರ್ಥಮಾಡಿಕೊಳ್ಳಲು ಬೇಕಾಗುತ್ತದೆ. ಅದು ಮಧುಮೇಹ, ಅಂದರೆ ಸಕ್ಕರೆ ಕಾಯಿಲೆ ಇರುವವರು ಹೃದ್ರೋಗದಿಂದ ಆಸ್ಪತ್ರೆ ಸೇರುವ ಲೆಕ್ಕ.

ಇನ್ಸುಲಿನ್ ಬಂದ ಮೇಲೆ

ಮಧುಮೇಹಕ್ಕೂ ಹೃದಯಕ್ಕೂ ಇರುವ ನಂಟು ವೈದ್ಯರ ಕಣ್ಣಿಗೆ ಸ್ಪಷ್ಟವಾಗಿ ಬಿದ್ದದ್ದು ಇನ್ಸುಲಿನ್ ಬಂದ ಮೇಲೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುಮದ್ದು ಕೊಡಲಾಯಿತು. ಅದಕ್ಕೆ ಮೊದಲು ಎಳೆಯ ವಯಸ್ಸಿನಲ್ಲಿ ತೀವ್ರ ಮಧುಮೇಹ ಬಂದವರು ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. ಇನ್ಸುಲಿನ್ ಅವರನ್ನು ಬದುಕಿಸಿತು. ಹಾಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷ ಬದುಕಿದವರಲ್ಲಿ ಹೃದಯ, ಮೂತ್ರಪಿಂಡ, ಕಣ್ಣು, ಕಾಲುಗಳ ತೊಂದರೆಗಳು ಕಾಣಿಸಿಕೊಂಡವು. ಒಂದು ಗೆಲುವಿನ ಹಿಂದೆಯೇ ಇನ್ನೊಂದು ಸಮಸ್ಯೆ ಬಾಗಿಲಲ್ಲಿ ನಿಂತಿತ್ತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಒಂದು ಅಧ್ಯಯನ ಆರಂಭವಾಯಿತು. 5,209 ಮಂದಿ ಸ್ತ್ರೀಪುರುಷರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತಾ ಹೋಗುವುದು ಅದರ ಕ್ರಮ. ಮಧುಮೇಹವಿದ್ದ ಗಂಡಸರಿಗೆ ಹೃದಯ ವೈಫಲ್ಯದ ಸಾಧ್ಯತೆ ಇತರರಿಗಿಂತ ಸುಮಾರು ಎರಡು ಪಟ್ಟು, ಹೆಂಗಸರಿಗೆ ಸುಮಾರು ಐದು ಪಟ್ಟು ಎಂದು ಆ ಅಧ್ಯಯನದಿಂದ 1974ರಲ್ಲಿ ತಿಳಿದುಬಂತು. ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ; ಅದರ ಪಂಪು ದುರ್ಬಲವಾಗಿ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲು ಆಗದಿರುವುದು.

ರಕ್ತನಾಳದ ಒಳಗೆ ನಡೆಯುವುದೇನು?

ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಹೃದಯಕ್ಕೇಕೆ ಕಷ್ಟ? ರಕ್ತನಾಳದ ಒಳಗೋಡೆಗೆ ಒಂದೇ ಕಣದಷ್ಟು ದಪ್ಪದ ನುಣುಪಾದ ಪದರವಿರುತ್ತದೆ. ರಕ್ತ ಸರಾಗವಾಗಿ ಹರಿಯುವುದೂ, ನಾಳ ಬೇಕಾದಾಗ ಹಿಗ್ಗುವುದೂ ಈ ಪದರದ ಆರೋಗ್ಯವನ್ನು ಅವಲಂಬಿಸಿವೆ. ಸಕ್ಕರೆ ಬಹುಕಾಲ ಹೆಚ್ಚಾಗಿಯೇ ಉಳಿದರೆ ಅದು ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಗುಣವನ್ನೇ ಕೆಡಿಸುತ್ತದೆ. ಒಳಪದರ ಹಾಳಾಗುತ್ತದೆ. ಹಾಳಾದ ಕಡೆ ಕೊಲೆಸ್ಟರಾಲ್ ಗೋಡೆಯೊಳಗೆ ಸೇರಿ ಗಡ್ಡೆ ಕಟ್ಟುತ್ತದೆ. ರಕ್ತದ ಒತ್ತಡವೂ ಹೆಚ್ಚಿದ್ದರೆ, ಧೂಮಪಾನವೂ ಸೇರಿದರೆ, ಈ ಕೆಲಸ ಇನ್ನಷ್ಟು ಬೇಗ ನಡೆಯುತ್ತದೆ. ಒಂದು ದಿನ ಆ ಗಡ್ಡೆಯ ಮೇಲ್ಪದರ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಮುಚ್ಚಿಹೋಗುತ್ತದೆ. ಅದೇ ಹೃದಯಾಘಾತ.

ಸಕ್ಕರೆ ಪ್ರೋಟೀನಿಗೆ ಅಂಟಿಕೊಳ್ಳುವ ಇದೇ ಗುಣ ವೈದ್ಯರಿಗೆ ಒಂದು ಉಪಕಾರವನ್ನೂ ಮಾಡಿದೆ. ಕೆಂಪು ರಕ್ತಕಣಗಳಲ್ಲಿರುವ ಹಿಮೊಗ್ಲೋಬಿನ್‌ಗೂ ಸಕ್ಕರೆ ಅಂಟುತ್ತದೆ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಎಷ್ಟು ಹಿಮೊಗ್ಲೋಬಿನ್‌ಗೆ ಸಕ್ಕರೆ ಅಂಟಿದೆ ಎಂದು ಅಳೆದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಗೊತ್ತಾಗುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಸಿಹಿ ಬಿಟ್ಟು ವೈದ್ಯರ ಕಣ್ಣಿಗೆ ಮಣ್ಣೆರಚುವುದು ಇಲ್ಲಿ ಸಾಧ್ಯವಿಲ್ಲ. ಪ್ರಯೋಗಾಲಯದ ವರದಿಯಲ್ಲಿ 'ಎಚ್‌ಬಿಎ1ಸಿ' ಎಂದು ಬರೆದಿರುವುದು ಇದನ್ನೇ.

ಅಮೆರಿಕದ ಇಪ್ಪತ್ತು ವರ್ಷಗಳ ಲೆಕ್ಕ

ಈಗ ಲೆಕ್ಕಕ್ಕೆ ಬರಬಹುದು. ಅಮೆರಿಕದಲ್ಲಿ ರೋಗಗಳ ಲೆಕ್ಕವಿಡುವ ಸರ್ಕಾರಿ ಸಂಸ್ಥೆಯೊಂದಿದೆ. ಅಟ್ಲಾಂಟಾ ನಗರದಲ್ಲಿರುವ ಅದರ ಹೆಸರು ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ. ಅಲ್ಲಿನ ಸಂಶೋಧಕರು 1990ರಿಂದ 2010ರವರೆಗಿನ ಮಾಹಿತಿಯನ್ನು ಒಟ್ಟುಗೂಡಿಸಿದರು. ಮನೆಮನೆಗೆ ಹೋಗಿ ನಡೆಸುವ ಆರೋಗ್ಯ ಸಮೀಕ್ಷೆಯಿಂದ, ತಮಗೆ ಮಧುಮೇಹವಿದೆ ಎಂದು ವೈದ್ಯರಿಂದ ತಿಳಿದವರೆಷ್ಟು ಎಂಬ ಅಂಕಿ ಸಿಕ್ಕಿತು. ಅದು ಛೇದ. ಆಸ್ಪತ್ರೆಗಳಿಂದ ಬಿಡುಗಡೆಯಾದವರ ದಾಖಲೆಗಳ ಸಮೀಕ್ಷೆಯಿಂದ, ಅವರಲ್ಲಿ ಹೃದಯಾಘಾತವಾಗಿ ದಾಖಲಾದವರೆಷ್ಟು ಎಂಬ ಅಂಕಿ ಸಿಕ್ಕಿತು. ಅದು ಅಂಶ. ವರದಿ 2014ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು.

1990ರಲ್ಲಿ ಮಧುಮೇಹವಿದ್ದ ಪ್ರತಿ 10,000 ವಯಸ್ಕರಿಗೆ ಸುಮಾರು 141 ಹೃದಯಾಘಾತದ ಪ್ರಕರಣಗಳಿದ್ದವು. 2010ರಲ್ಲಿ ಅದು 45.5ಕ್ಕೆ ಇಳಿದಿತ್ತು. ಅಂದರೆ ಶೇಕಡಾ 68ರಷ್ಟು ಇಳಿಕೆ. ಪಾರ್ಶ್ವವಾಯು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಕಾಲು ಕತ್ತರಿಸಬೇಕಾದ ಪ್ರಸಂಗಗಳೂ ಸುಮಾರು ಅರ್ಧಕ್ಕೆ ಇಳಿದಿದ್ದವು. ಮೂತ್ರಪಿಂಡ ಪೂರ್ತಿ ಕೈಕೊಡುವ ಪ್ರಮಾಣ ಮಾತ್ರ ಅಷ್ಟಾಗಿ ಇಳಿಯದೆ, ಅದರ ಇಳಿಕೆ ಶೇಕಡಾ 28ಕ್ಕೆ ನಿಂತಿತು. ಇನ್ನೊಂದು ಹೋಲಿಕೆಯೂ ಗಮನಾರ್ಹ. 1990ರಲ್ಲಿ ಮಧುಮೇಹವಿದ್ದವರಿಗೆ ಹೃದಯಾಘಾತದ ಸಾಧ್ಯತೆ ಇಲ್ಲದವರ 3.8 ಪಟ್ಟು ಇತ್ತು. 2010ರ ಹೊತ್ತಿಗೆ 1.8 ಪಟ್ಟಿಗೆ ಬಂತು. ಕಂದಕ ಮುಚ್ಚಿಹೋಗಲಿಲ್ಲ, ಆದರೆ ಬಹಳ ಕಿರಿದಾಯಿತು.

ಇದಕ್ಕೆ ಯಾವುದೋ ಒಂದು ಪವಾಡದ ಗುಳಿಗೆ ಕಾರಣವಲ್ಲ. ಕೊಲೆಸ್ಟರಾಲನ್ನು ಇಳಿಸುವ ಸ್ಟ್ಯಾಟಿನ್ ಔಷಧಿಗಳಲ್ಲಿ ಮೊದಲನೆಯದಕ್ಕೆ ಅಮೆರಿಕದಲ್ಲಿ 1987ರಲ್ಲಿ ಅನುಮತಿ ಸಿಕ್ಕಿತು. ಮುಂದಿನ ದಶಕದಲ್ಲಿ ಅವು ಬಳಕೆಗೆ ಬಂದವು. ರಕ್ತದ ಒತ್ತಡವನ್ನು ಹಿಡಿತದಲ್ಲಿಡುವ ಒಳ್ಳೆಯ ಔಷಧಿಗಳು ಬಂದವು. ಅಮೆರಿಕದ ವಯಸ್ಕರಲ್ಲಿ ಸಿಗರೇಟು ಸೇದುವವರು 1990ರಲ್ಲಿ ಶೇಕಡಾ 25ರಷ್ಟಿದ್ದವರು 2010ಕ್ಕೆ ಶೇಕಡಾ 19ಕ್ಕೆ ಇಳಿದರು. ಕಾಲು, ಕಣ್ಣು, ಮೂತ್ರಗಳನ್ನು ಕ್ರಮವಾಗಿ ಪರೀಕ್ಷಿಸುವ ರೂಢಿ ಬಂತು. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ 5,102 ರೋಗಿಗಳನ್ನು ಗಮನಿಸಿದ ಅಧ್ಯಯನದ ಫಲ 1998ರಲ್ಲಿ ಬಂದು, ಸಕ್ಕರೆಯ ಜೊತೆಗೆ ರಕ್ತದ ಒತ್ತಡವನ್ನೂ ಬಿಗಿಯಾಗಿ ಹಿಡಿಯಬೇಕು ಎಂಬುದನ್ನು ತೋರಿಸಿತು. ಡೆನ್ಮಾರ್ಕಿನ ಇನ್ನೊಂದು ಅಧ್ಯಯನದಲ್ಲಿ ಕೇವಲ 160 ಮಂದಿ ಇದ್ದರು. ಸಕ್ಕರೆ, ಒತ್ತಡ, ಕೊಲೆಸ್ಟರಾಲ್, ಆಹಾರ, ವ್ಯಾಯಾಮ ಎಲ್ಲವನ್ನೂ ಒಟ್ಟಿಗೆ ನೋಡಿಕೊಂಡವರಲ್ಲಿ ಹೃದಯ ಮತ್ತು ರಕ್ತನಾಳದ ತೊಂದರೆಗಳು ಸುಮಾರು ಅರ್ಧಕ್ಕೆ ಇಳಿದವು ಎಂದು 2003ರಲ್ಲಿ ಅದು ವರದಿ ಮಾಡಿತು. ಒಂದೇ ಕಂಬದ ಮೇಲೆ ಚಪ್ಪರ ನಿಲ್ಲುವುದಿಲ್ಲ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಛೇದವನ್ನು ನೋಡೋಣ

ಈಗ ಶಾಲೆಯ ಪ್ರಶ್ನೆಯನ್ನು ನೆನಪಿಸಿಕೊಳ್ಳಬೇಕು. ಛೇದಕ್ಕೆ ಏನಾಯಿತು?

ಅಮೆರಿಕದಲ್ಲಿ ಮಧುಮೇಹವಿದೆ ಎಂದು ಹೇಳಿದ ವಯಸ್ಕರು 1990ರಲ್ಲಿ 65 ಲಕ್ಷ. 2010ರಲ್ಲಿ 2 ಕೋಟಿ 7 ಲಕ್ಷ. ಮೂರು ಪಟ್ಟಿಗೂ ಹೆಚ್ಚು! ಅದೇ ಅವಧಿಯಲ್ಲಿ ಅಲ್ಲಿನ ವಯಸ್ಕರ ಒಟ್ಟು ಸಂಖ್ಯೆ ಬೆಳೆದದ್ದು ಕಾಲು ಭಾಗದಷ್ಟು ಮಾತ್ರ.

ವಿದ್ಯಾರ್ಥಿಗಳು ಕಾಗದ ಪೆನ್ಸಿಲು ತೆಗೆದುಕೊಂಡು ಒಂದು ಗುಣಾಕಾರ ಮಾಡಬಹುದು. 65 ಲಕ್ಷದಲ್ಲಿ ಹತ್ತು ಸಾವಿರದ ಗುಂಪುಗಳು 650. ಗುಂಪಿಗೆ 141ರಂತೆ ಲೆಕ್ಕ ಹಾಕಿದರೆ 91,650. 2 ಕೋಟಿ 7 ಲಕ್ಷದಲ್ಲಿ ಅಂಥ ಗುಂಪುಗಳು 2,070. ಗುಂಪಿಗೆ 45.5ರಂತೆ 94,185. ಎರಡು ಕಾಲದ ರೋಗಿಗಳ ವಯಸ್ಸು ಬೇರೆಬೇರೆಯಾಗಿರುವುದರಿಂದ ಅವರನ್ನು ಸರಿಯಾಗಿ ಹೋಲಿಸಲು ಸಂಶೋಧಕರು ದರಗಳನ್ನು ವಯಸ್ಸಿಗೆ ಹೊಂದಿಸಿರುತ್ತಾರೆ. ಹೀಗಾಗಿ ಈ ಗುಣಲಬ್ಧಗಳು ಆಸ್ಪತ್ರೆಯ ನಿಜವಾದ ಎಣಿಕೆಯಲ್ಲ, ತರಗತಿಯ ಅಭ್ಯಾಸ ಲೆಕ್ಕ ಮಾತ್ರ. ಆದರೂ ಸಂಗತಿ ತಿಳಿಯಲು ಇಷ್ಟು ಸಾಕು. ಒಬ್ಬೊಬ್ಬ ರೋಗಿಯ ಅಪಾಯ ಮೂರನೆಯ ಒಂದು ಭಾಗಕ್ಕೆ ಇಳಿದರೂ ರೋಗಿಗಳೇ ಮೂರು ಪಟ್ಟಾದ ಕಾರಣ ಆಸ್ಪತ್ರೆಯ ಹಾಸಿಗೆಗಳು ಬರಿದಾಗಲಿಲ್ಲ. ವೈದ್ಯರು ಗಳಿಸಿದ್ದನ್ನು ಕಾಯಿಲೆಯ ಹರಡುವಿಕೆ ತಿಂದುಹಾಕಿತು.

ಛೇದದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. 1997ರವರೆಗೆ ಬರಿಹೊಟ್ಟೆಯಲ್ಲಿ ಪರೀಕ್ಷಿಸಿದಾಗ ರಕ್ತದ ಸಕ್ಕರೆ 140 ಮಿಲಿಗ್ರಾಂ ಮುಟ್ಟಿದರೆ ಮಧುಮೇಹ ಎನ್ನುತ್ತಿದ್ದರು. ಆ ವರ್ಷ ಅಮೆರಿಕದ ಮಧುಮೇಹ ಸಂಘವು ಈ ಗೆರೆಯನ್ನು 126ಕ್ಕೆ ಇಳಿಸಿತು. ಅಲ್ಲಿಯವರೆಗೆ ಲೆಕ್ಕಕ್ಕೆ ಬಾರದಿದ್ದ, ಕಾಯಿಲೆ ಇನ್ನೂ ಮೆದುವಾಗಿದ್ದ ಹಲವರು ಒಂದೇ ದಿನದಲ್ಲಿ ಮಧುಮೇಹಿಗಳ ಪಟ್ಟಿಗೆ ಸೇರಿದರು. ಇವರಿಗೆ ಹೃದಯಾಘಾತದ ಸಾಧ್ಯತೆ ಕಡಿಮೆಯಾದ್ದರಿಂದ ಸರಾಸರಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ತರಗತಿಗೆ ಜಾಣ ಮಕ್ಕಳು ಹೊಸದಾಗಿ ಸೇರಿದರೆ ಹಳೆಯ ಮಕ್ಕಳು ಒಂದಕ್ಷರ ಹೆಚ್ಚು ಕಲಿಯದಿದ್ದರೂ ಸರಾಸರಿ ಅಂಕ ಏರುವಂತೆ! ಅಂದಮಾತ್ರಕ್ಕೆ ಇಳಿಕೆಯೆಲ್ಲ ಪೊಳ್ಳೆನ್ನಲಾಗದು. ಹೃದಯದ ಸ್ನಾಯುವಿಗೆ ಆದ ಸಣ್ಣ ಗಾಯವನ್ನೂ ಹಿಡಿಯುವ ಟ್ರೋಪೊನಿನ್ ಎಂಬ ರಕ್ತಪರೀಕ್ಷೆ ಇದೇ ಕಾಲದಲ್ಲಿ ಬಂತು. ಹಿಂದೆ ಗಮನಕ್ಕೆ ಬಾರದೆ ಹೋಗುತ್ತಿದ್ದ ಲಘು ಹೃದಯಾಘಾತಗಳೂ ಎಣಿಕೆಗೆ ಸಿಕ್ಕವು. ಜಾಲರಿ ಕಿರಿದಾದರೂ ಸಿಕ್ಕ ಮೀನು ಕಡಿಮೆಯಾಯಿತೆಂದರೆ ಇಳಿಕೆ ನಿಜವೆಂದೇ ತಿಳಿಯಬೇಕು.

2010ರ ನಂತರ

ಆ ಇಳಿಜಾರು ಹಾಗೆಯೇ ಮುಂದುವರಿಯಲಿಲ್ಲ. ಅದೇ ಕೇಂದ್ರದ ಸಂಶೋಧಕರು 2019ರಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿದರು. ಅರವತ್ತೈದು ದಾಟದ ಮಧುಮೇಹಿಗಳಲ್ಲಿ ಹಿಂದಿನ ಗಳಿಕೆ ಕರಗತೊಡಗಿತ್ತು. ಮಧ್ಯವಯಸ್ಕರಲ್ಲಿ ಹೃದಯಾಘಾತದ ಇಳಿಕೆ ಸ್ಥಗಿತಗೊಂಡಿತ್ತು. ಕಾಲು ಅಥವಾ ಕಾಲ್ಬೆರಳು ಕತ್ತರಿಸಬೇಕಾದ ಪ್ರಕರಣಗಳ ದರ 2009ರಿಂದ 2015ರೊಳಗೆ ಸುಮಾರು ಶೇಕಡಾ 50ರಷ್ಟು ಏರಿತ್ತು. ಅದರಲ್ಲೂ ಯುವಕರಲ್ಲಿ ಮತ್ತು ಮಧ್ಯವಯಸ್ಕರಲ್ಲಿ. 1990ರಿಂದ 2010ರವರೆಗೆ ಹೃದಯಾಘಾತ ಮತ್ತು ಪಾರ್ಶ್ವವಾಯುಗಳ ಅತಿ ದೊಡ್ಡ ಇಳಿಕೆ ಕಂಡವರು 75 ದಾಟಿದ ಹಿರಿಯರು. ಮುಂದಿನ ವರ್ಷಗಳಲ್ಲಿ ಹಿನ್ನಡೆ ಕಂಡವರು ಅವರ ಮಕ್ಕಳ ವಯಸ್ಸಿನವರು. ನಲವತ್ತರಲ್ಲಿ ಮಧುಮೇಹ ಬಂದವರ ರಕ್ತನಾಳಗಳು ಎಪ್ಪತ್ತರ ಹೊತ್ತಿಗೆ ಮೂವತ್ತು ವರ್ಷ ಸಕ್ಕರೆಯ ಏಟು ತಿಂದಿರುತ್ತವೆ ಎಂಬುದನ್ನು ಮರೆಯಬಾರದು.

ಐದು ಅಂಕಿಗಳು

ಹಾಗಾದರೆ ಮಧುಮೇಹ ಬಂದವರಿಗೆ ಹೃದ್ರೋಗ ಹಣೆಬರಹವೇ? ಸ್ವೀಡನ್ ದೇಶದ ಒಂದು ದೊಡ್ಡ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿ ಮಧುಮೇಹಿಗಳ ರಾಷ್ಟ್ರೀಯ ದಾಖಲೆ ಇದೆ. ವಯಸ್ಕರಲ್ಲಿ ಸಾಮಾನ್ಯವಾಗಿ ಬರುವ ಎರಡನೆಯ ಬಗೆಯ ಮಧುಮೇಹವಿದ್ದ 2,71,174 ಮಂದಿಯನ್ನು, ಅದೇ ವಯಸ್ಸಿನ, ಮಧುಮೇಹವಿಲ್ಲದ 13 ಲಕ್ಷಕ್ಕೂ ಹೆಚ್ಚು ಜನರೊಂದಿಗೆ ಹೋಲಿಸಿ ಮಾಡಿದ ವರದಿ 2018ರಲ್ಲಿ ಪ್ರಕಟವಾಯಿತು. ಸಂಶೋಧಕರು ನೋಡಿದ್ದು ಐದೇ ಸಂಗತಿಗಳನ್ನು: ಎಚ್‌ಬಿಎ1ಸಿ, ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್, ರಕ್ತದ ಒತ್ತಡ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿನ ಸೋರಿಕೆ ಮತ್ತು ಧೂಮಪಾನ. ಈ ಐದೂ ಮಿತಿಯಲ್ಲಿದ್ದವರಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯುಗಳ ಸಾಧ್ಯತೆ ಮಧುಮೇಹವಿಲ್ಲದವರಿಗಿಂತ ಹೆಚ್ಚೇನೂ ಇರಲಿಲ್ಲ, ಇದ್ದರೂ ಅತ್ಯಲ್ಪ. ಸಾವಿನ ಅಪಾಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ಮುನ್ಸೂಚಿಸಿದ್ದು ಧೂಮಪಾನ.

ಆದರೆ ಒಂದು ಕೊರತೆ ಉಳಿಯಿತು. ಐದೂ ಸರಿಯಿದ್ದವರು ಕೂಡ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವ ಸಾಧ್ಯತೆ ಇತರರಿಗಿಂತ ಶೇಕಡಾ 45ರಷ್ಟು ಹೆಚ್ಚಾಗಿಯೇ ಇತ್ತು. ಈ ಬೀಗಕ್ಕೆ ಒಂದು ಕೀಲಿ ಅನಿರೀಕ್ಷಿತ ಕಡೆಯಿಂದ ಬಂತು. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಫ್ರೆಂಚ್ ರಸಾಯನ ವಿಜ್ಞಾನಿಗಳು ಫ್ಲೋರಿಝಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಿದ್ದರು. ಅದು ಮೂತ್ರದಲ್ಲಿ ಸಕ್ಕರೆ ಹೊರಹೋಗುವಂತೆ ಮಾಡುತ್ತಿತ್ತು. ಅದೇ ಜಾಡು ಹಿಡಿದು ಮೂತ್ರಪಿಂಡದ ಮೂಲಕ ಸಕ್ಕರೆಯನ್ನು ಹೊರಹಾಕುವ ಔಷಧಿಗಳನ್ನು ತಯಾರಿಸಿದರು. ಅವುಗಳಲ್ಲೊಂದಾದ ಎಂಪಾಗ್ಲಿಫ್ಲೋಝಿನ್ ಅನ್ನು ಹೃದ್ರೋಗವೂ ಇದ್ದ ಸುಮಾರು 7,000 ಮಧುಮೇಹಿಗಳಲ್ಲಿ ಪರೀಕ್ಷಿಸಿದಾಗ, ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವ ಸಾಧ್ಯತೆ ಶೇಕಡಾ 35ರಷ್ಟು ಕಡಿಮೆಯಾಯಿತು ಎಂದು 2015ರಲ್ಲಿ ತಿಳಿದುಬಂತು. ಇಂಥ ಔಷಧಿ ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ನೆರೆಮನೆಯವರ ಗುಳಿಗೆಯನ್ನು ಕೇಳಿ ತಂದು ನುಂಗುವುದು ಅಪಾಯ.

ನಮ್ಮ ಮನೆಯ ಲೆಕ್ಕ

ಅಮೆರಿಕ, ಸ್ವೀಡನ್ನುಗಳ ಈ ಲೆಕ್ಕ ನಮಗೇಕೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದುದ್ದಕ್ಕೂ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಬಂತು. 2021ರ ಹೊತ್ತಿಗೆ ಭಾರತದಲ್ಲಿ 10 ಕೋಟಿ 10 ಲಕ್ಷ ಮಂದಿಗೆ ಮಧುಮೇಹವಿತ್ತೆಂದೂ, ಇನ್ನೂ 13 ಕೋಟಿ 60 ಲಕ್ಷ ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದರೆಂದೂ ಅದು ಅಂದಾಜು ಮಾಡಿದೆ. ಹೊಸ್ತಿಲಲ್ಲಿ ನಿಂತವರೇ ನಾಳೆಯ ಛೇದ. ಅವರು ಒಳಗೆ ಬಂದರೆ, ಆಸ್ಪತ್ರೆಗಳು ಎಷ್ಟೇ ಒಳ್ಳೆಯ ಚಿಕಿತ್ಸೆ ಕೊಟ್ಟರೂ ಅಮೆರಿಕದಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ.

ಅವರನ್ನು ಹೊಸ್ತಿಲಲ್ಲೇ ತಡೆಯಲು ಸಾಧ್ಯವಿದೆ. ಅಮೆರಿಕದಲ್ಲಿ 3,234 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 150 ನಿಮಿಷದ ನಡಿಗೆ ಮತ್ತು ಮಿತವಾದ ಆಹಾರದಿಂದ ತೂಕ ಇಳಿಸುವ ಕ್ರಮ ಹೊಸದಾಗಿ ಮಧುಮೇಹ ಬರುವುದನ್ನು ಶೇಕಡಾ 58ರಷ್ಟು ತಗ್ಗಿಸಿತು. ಚೆನ್ನೈಯಲ್ಲಿ 531 ಮಂದಿಯ ಮೇಲೆ ನಡೆದ ಇಂಥದೇ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಲ್ಲಿ ಇಳಿಕೆ ಶೇಕಡಾ 28.5. ನಮ್ಮವರಲ್ಲಿ ಫಲ ಸ್ವಲ್ಪ ಕಡಿಮೆ ಕಂಡರೂ ನೂರರಲ್ಲಿ ಇಪ್ಪತ್ತೆಂಟು ಎಂಬುದು ಕಡಿಮೆ ಮಾತಲ್ಲ.

ಮನೆಯಲ್ಲಿ ಈಗಾಗಲೇ ಅಜ್ಜನಿಗೋ ಅಮ್ಮನಿಗೋ ಸಕ್ಕರೆ ಕಾಯಿಲೆ ಇದ್ದರೆ ತಂದೆತಾಯಿಯರು ಒಂದು ವಿಷಯವನ್ನು ಚೆನ್ನಾಗಿ ತಿಳಿದಿರಬೇಕು. ಮಧುಮೇಹ ನರಗಳನ್ನೂ ಕೆಡಿಸುವುದರಿಂದ ಹೃದಯಾಘಾತವಾದಾಗ ಎದೆನೋವು ಬಾರದೆಯೇ ಇರಬಹುದು. ಇದ್ದಕ್ಕಿದ್ದಂತೆ ಮೈ ಬೆವರುವುದು, ಉಸಿರು ಕಟ್ಟುವುದು, ಹೇಳಲಾಗದ ಸುಸ್ತು, ವಾಕರಿಕೆ ಇಷ್ಟೇ ಕಾಣಿಸಬಹುದು. ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿ, ಬೆಳಗಾಗಲಿ ನೋಡೋಣ ಎಂದು ಮಲಗಿಸುವುದರಲ್ಲಿ ಅಮೂಲ್ಯ ಸಮಯ ಹೋಗುತ್ತದೆ. ತಕ್ಷಣ ಇ.ಸಿ.ಜಿ. ತೆಗೆಯುವ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಲಿನಲ್ಲಿ ಊತ, ಚಪ್ಪಟೆ ಮಲಗಿದರೆ ಏದುಸಿರು, ನಾಲ್ಕು ಮೆಟ್ಟಿಲು ಹತ್ತಿದರೆ ದಣಿವು ಇವು ಹೃದಯ ವೈಫಲ್ಯದ ಸೂಚನೆಗಳಾಗಿರಬಹುದು. ವಯಸ್ಸಾಯಿತು ಎಂದು ಸುಮ್ಮನಿರಬಾರದು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಮನೆಯ ಹಿರಿಯರ ಪ್ರಯೋಗಾಲಯದ ವರದಿಗಳನ್ನು ಒಂದು ನೋಟ್‌ಪುಸ್ತಕದಲ್ಲಿ ತಾರೀಖಿನೊಂದಿಗೆ ಬರೆದಿಡಬಹುದು. ನಾಲ್ಕು ಕಾಲಂ ಸಾಕು: ಎಚ್‌ಬಿಎ1ಸಿ, ಎಲ್‌ಡಿಎಲ್, ರಕ್ತದ ಒತ್ತಡ, ಮೂತ್ರದ ಆಲ್ಬುಮಿನ್. ಐದನೆಯದಾದ ಬೀಡಿ ಸಿಗರೇಟಿಗೆ ಪರೀಕ್ಷೆ ಬೇಕಿಲ್ಲ, ಮನೆಯವರಿಗೆಲ್ಲ ಗೊತ್ತಿರುತ್ತದೆ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಆ ಪುಸ್ತಕವನ್ನು ಜೊತೆಗೆ ಒಯ್ದರೆ ಏರಿಳಿತವನ್ನು ವೈದ್ಯರು ಒಂದೇ ನೋಟದಲ್ಲಿ ಗ್ರಹಿಸುತ್ತಾರೆ. ಸಂಜೆ ಅಜ್ಜನೊಂದಿಗೆ ಅರ್ಧ ಗಂಟೆ ನಡೆದರೆ ಇಬ್ಬರಿಗೂ ಲಾಭ: ಅಜ್ಜನ ಹೃದಯದ ಅಪಾಯ ತಗ್ಗಲು ನೆರವು, ಮೊಮ್ಮಗನಿಗೆ ನಾಳೆ ಹೊಸ್ತಿಲು ದಾಟದಿರಲು ಅಭ್ಯಾಸ. ಅಂಶವನ್ನು ತಗ್ಗಿಸುವ ಕೆಲಸದಲ್ಲಿ ವೈದ್ಯರ ಪಾಲು ದೊಡ್ಡದು. ಛೇದ ಬೆಳೆಯದಂತೆ ನೋಡಿಕೊಳ್ಳುವ ಕೆಲಸ ಅಡುಗೆಮನೆಯಲ್ಲಿ, ಆಟದ ಬಯಲಿನಲ್ಲಿ, ಶಾಲೆಗೆ ನಡೆದುಹೋಗುವ ದಾರಿಯಲ್ಲಿ ಆಗಬೇಕು.